ಹಿಲ್ಯಾ ವೈಬೆಂಗಾ ಮತ್ತು ನಾಲ್ಕನೇ ನಂಬರಿನ ಬಸ್ಸು

ಊರೂರುಗಳು ಕೈಜೋಡಿಸಿ ಲೋಕವನ್ನು ಹೊಗೆಯಿಂದ ಪಾರುಮಾಡುತ್ತಿವೆಯಲ್ಲ, ಆ ಮಹತ್ಕಾರ್ಯದಲ್ಲಿ ನನ್ನ ಪಾಲು ಮಳೆಯಂಗಿ ಹಂಚುವುದು. ನಮ್ಮ ಪುರಸಭೆಯ ಸಂಚಾರ ವಿಭಾಗದಲ್ಲಿ ನಾನು ಗುತ್ತಿಗೆ ನೌಕರ. ನಮ್ಮ ಸೈಕಲ್ ದಾರಿಗಳನ್ನು ನೋಡಿ ಕಲಿಯಲು ಪರದೇಶದ ಊರುಗಳಿಂದ ಬರುವ ಅತಿಥಿಗಳ ಎತ್ತರಕ್ಕೆ ತಕ್ಕಂತೆ ಸೀಟು ಏರಿಸಿ ಇಳಿಸಬೇಕು, ಚೀಸ್ ಇಟ್ಟ ಬನ್ನು ತರಿಸಬೇಕು, ಬಿದ್ದವರನ್ನು ಎತ್ತಬೇಕು. ನಾನು ಮಾತ್ರ ಅಪ್ಪನ ಹಳೇ ಕಾರಿನಲ್ಲಿ ಬರುತ್ತೇನೆ. ಅದನ್ನು ಎರಡು ಬೀದಿ ಆಚೆ ಇಗರ್ಜಿಯ ಹಿಂದೆ ನಿಲ್ಲಿಸಿ, ಕೂದಲನ್ನು ಕೈಯಿಂದ ಕೆದರಿಕೊಂಡು, ಎದುರುಗಾಳಿಯಲ್ಲಿ ತುಳಿದು ಬಂದವನ ಹಾಗೆ ಏದುಸಿರು ಬಿಡುತ್ತ ಕಚೇರಿಯೊಳಗೆ ಕಾಲಿಡುತ್ತೇನೆ. ಏದುಸಿರಿನಲ್ಲಿ ನನಗೆ ಒಳ್ಳೆಯ ಹೆಸರಿದೆ.

ವಿಭಾಗದ ನಿಜವಾದ ಆಸ್ತಿ ಎಂದರೆ ಹಿಲ್ಯಾ ವೈಬೆಂಗಾ. ಸಂಬಳ ಕೇಳದ ಆಸ್ತಿ. ಎಂಬತ್ತರ ಹತ್ತಿರದ ಮುದುಕಿ, ಕಡ್ಡಿಯಂಥ ಮೈ, ಕೊಡಲಿಯಂಥ ಮೂಗು. ಹದಿನಾಲ್ಕನೇ ವಯಸ್ಸಿಗೆ ಊರಾಚೆಯ ರಸ್ಕಿನ ಕಾರ್ಖಾನೆಗೆ ಸೇರಿದವಳು, ಅಲ್ಲಿಂದ ನಿವೃತ್ತಳಾಗುವವರೆಗೂ ಸೈಕಲ್ಲಿನಲ್ಲೇ ಹೋಗಿ ಬಂದವಳು. ಮಂಜು ಬಿದ್ದರೂ ಸರಿ, ಗಂಡ ತೀರಿಕೊಂಡ ವಾರವಾದರೂ ಸರಿ. ಅತಿಥಿಗಳು ಬಂದಾಗ ಎಲ್ಲರ ಮುಂದೆ ಆಕೆಯ ಕಪ್ಪು ಸೈಕಲ್ಲು ಹೊರಡಬೇಕು, ಹಿಂದೆ ಬಾತುಮರಿಗಳ ಹಾಗೆ ಪರದೇಶದ ಮೇಯರುಗಳು. ಇದು ನಮ್ಮೂರಿನ ಕ್ರಮವಾಗಿಹೋಗಿತ್ತು.

ಆಕೆಗೆ ಗೇಪ್ಕೆ ಎಂಬ ತಂಗಿ. ಕಾಲುವೆಯಾಚೆಯ ಆರೈಕೆ ಮನೆಯಲ್ಲಿ, ಮರೆವಿನ ರೋಗದವರ ಸಾಲಿನಲ್ಲಿ ಮಲಗಿರುತ್ತಿದ್ದಳು. ಗೇಪ್ಕೆ ಜೀವಮಾನವಿಡೀ ಬಸ್ಸಿನಲ್ಲೇ ಓಡಾಡಿದವಳು, ಅದಕ್ಕಾಗಿ ಅಕ್ಕ ಅವಳನ್ನು ಜೀವಮಾನವಿಡೀ ಆಡಿಕೊಂಡಿದ್ದಳು. ಬಸ್ಸು ಇರುವುದು ಸಾಮಾನು ಸಾಗಿಸುವುದಕ್ಕೆ, ನೀನೂ ಒಂದು ಸಾಮಾನು ಎಂದು ಹುಟ್ಟುಹಬ್ಬದ ಕೇಕಿನ ಮುಂದೆ, ನೆಂಟರೆಲ್ಲ ಕೇಳುವಂತೆ ಹೇಳುತ್ತಿದ್ದಳಂತೆ. ಈಗ ಆ ಗೇಪ್ಕೆ ದಾದಿಯರು ಚಮಚ ತಂದರೆ ತುಟಿ ಬಿಗಿದುಕೊಳ್ಳುತ್ತಿದ್ದಳು. ಹಿಲ್ಯಾ ಬಂದು, ಬಾರ್ಲಿ ಹಾಕಿ ಕಾಯಿಸಿದ ಮಜ್ಜಿಗೆ ಗಂಜಿಯನ್ನು ಕೈಯಾರೆ ಕೊಟ್ಟರೆ ಮಾತ್ರ ಬಾಯಿ ತೆರೆಯುತ್ತಿದ್ದಳು. ದಿನವೂ ಮಧ್ಯಾಹ್ನ, ಊಟದ ಹೊತ್ತಿಗೆ ಸರಿಯಾಗಿ.

ಹಿಲ್ಯಾಳ ಸೊಂಟ ಕೈಕೊಟ್ಟಿತು. ವೈದ್ಯರು ಮೂಳೆ ಸವೆದಿದೆ, ಈ ವಯಸ್ಸಿಗೆ ಕತ್ತರಿ ಹಾಕುವುದು ಬೇಡ ಎಂದರು. ಅತಿಥಿಗಳು ಬಂದ ದಿನ ನೋವಿನ ಗುಳಿಗೆ ನುಂಗಿ ಸೈಕಲ್ ಹತ್ತುವಳು. ಉಳಿದ ದಿನ ಮನೆ ಮುಂದೆಯೇ ನಿಲ್ಲುವ ನಾಲ್ಕನೇ ನಂಬರಿನ ಬಸ್ಸು ಹಿಡಿದು ತಂಗಿಯ ಬಳಿ ಹೋಗುವಳು. ತಲೆಗೆ ಬಟ್ಟೆ ಸುತ್ತಿಕೊಂಡು, ಹಿಂದಿನ ಸೀಟಿನಲ್ಲಿ, ಕಳ್ಳಿಯ ಹಾಗೆ.

ಆಗ ಬಂತು ಐದು ಊರುಗಳ ಒಕ್ಕೂಟ. ನಾರ್ವೆ, ಐರ್ಲೆಂಡ್, ಆಸ್ಟ್ರಿಯಾ, ಪೋರ್ಚುಗಲ್‌ಗಳ ಒಂದೊಂದು ಊರು, ಮತ್ತು ನಾವು. ಒಂದೂರು ಮಾಡಿದ್ದನ್ನು ಉಳಿದ ನಾಲ್ಕು ಮಾಡಬೇಕು, ಒಪ್ಪಿಕೊಂಡ ಮೇಲೆ ಯಾವ ಊರೂ ತಾನೊಂದೇ ಹಿಂದೆ ಸರಿಯುವಂತಿಲ್ಲ. ನಮ್ಮ ಪಾಲಿನ ಪಾಠ ಹಿಲ್ಯಾಳ ಬೀದಿ. ಅಲ್ಲಿಂದ ಬಸ್ಸನ್ನು ತೆಗೆದು, ಇಡೀ ಬೀದಿಯನ್ನು ಸೈಕಲ್ಲಿಗೆ ಬಿಟ್ಟುಕೊಡುವುದು. ಅಕ್ಟೋಬರಿನಲ್ಲಿ ಐದೂ ಊರಿನವರು ನಮ್ಮಲ್ಲೇ ಸೇರಿ ತೀರ್ಮಾನಿಸುವುದೆಂದಾಯಿತು.

ಹಿಲ್ಯಾ ನನ್ನ ಮೇಜಿನ ಮುಂದೆ ಬಂದು ನಿಂತಳು. ಹಿಂದೆಂದೂ ಏನನ್ನೂ ಕೇಳಿದವಳಲ್ಲ. ಇಲ್ಲಿನವರು ಕಾಲು ಮುರಿದುಕೊಂಡರೂ ಹೇಗಿದ್ದೀರಿ ಎಂದರೆ ‘ನಡೆಯುತ್ತೆ’ ಎನ್ನುವ ಜನ.

“ರೂಲ್ಫ್, ಆ ಬಸ್ಸು ಬೇಕು ಕಣೋ ನಂಗೆ. ಅದಿಲ್ದೆ ಹೋದ್ರೆ ಗೇಪ್ಕೆ ಉಪವಾಸ ಬೀಳ್ತಾಳೆ. ಸಭೇಲಿ ಎರಡು ಮಾತು ಹೇಳೋಕೆ ಅವಕಾಶ ಕೊಡಿಸ್ತೀಯಾ?”

ನಾನು ನಮ್ಮ ಮುಖ್ಯಸ್ಥೆ ಫೆನ್ನಾಳ ಬಳಿ ಹೋಗಿ ಕೇಳಿದೆ. ಫೆನ್ನಾ ಕೆಟ್ಟವಳಲ್ಲ; ಕಾಫಿಯ ಜೊತೆ ಎರಡನೇ ಬಿಸ್ಕತ್ತು ತೆಗೆದುಕೊಳ್ಳಲು ಬಿಡುವ ಮೇಲಧಿಕಾರಿ ಈ ದೇಶದಲ್ಲಿ ಅಪರೂಪ. ಆಕೆ ಕಂಪ್ಯೂಟರಿನಿಂದ ಕಣ್ಣೆತ್ತದೆ ಹೇಳಿದಳು:

“ಮಾತಾಡ್ಲಿ ಬಿಡು. ಆದ್ರೆ ಮೊದ್ಲು ಸೈಕಲ್ ತುಳೀಲಿ. ಕೂತಿರೋ ಮುದುಕೀನ ನೋಡೋಕೆ ಪೋರ್ಚುಗಲ್ಲಿಂದ ಯಾರೂ ಬರಲ್ಲ.”

ಸಭೆಯ ದಿನ ಬೆಳಿಗ್ಗೆ, ಅತಿಥಿಗಳ ಜೊತೆ ಸೈಕಲ್ ಹತ್ತಿ ಹೊರಡುವ ಮುಂಚೆ, ನಾನು ಹಿಲ್ಯಾಳಿಗೆ ಗುಟ್ಟಾಗಿ ಒಂದು ಉಪಾಯ ಹೇಳಿಕೊಟ್ಟೆ. ಸೇತುವೆಯ ಏರಿನಲ್ಲಿ ಸುಮ್ಮನೆ ಇಳಿದುಬಿಡಿ, ಇಳಿದು ಸೊಂಟ ಹಿಡಿದುಕೊಳ್ಳಿ, ಐದೂ ಊರಿನವರು ಕಣ್ಣಾರೆ ನೋಡಲಿ ಎಂದೆ.

“ಜನರ ಮುಂದೆ?”

“ಜನರ ಮುಂದೇನೇ, ಅಮ್ಮ. ಅದಕ್ಕೇ ತಾನೆ ಹೇಳ್ತಿರೋದು.”

ಬೀದಿಯಲ್ಲಿ ಬಟ್ಟೆ ಬಿಚ್ಚಲು ಹೇಳಿದೆನೇನೋ ಎಂಬಂತೆ ನನ್ನನ್ನು ನೋಡಿದಳು. ಆಮೇಲೆ ಆಗಲಿ ಎಂದಳು.

ಅವತ್ತು ಗಾಳಿ ಸಮುದ್ರದ ಕಡೆಯಿಂದ ನೇರವಾಗಿ ಮುಖಕ್ಕೆ ಹೊಡೆಯುತ್ತಿತ್ತು. ಪೋರ್ಚುಗಲ್ಲಿನವರು ಬ್ಯಾಟರಿ ಸೈಕಲ್ಲಿನ ಮೇಲೂ ನಡುಗುತ್ತಿದ್ದರು. ಸೇತುವೆ ಬಂತು. ಹಿಲ್ಯಾ ವೇಗ ತಗ್ಗಿಸಿದಳು, ಒಂದು ಕಾಲು ನೆಲದ ಕಡೆಗೆ ಚಾಚಿದಳು. ಸದ್ಯ, ಇಳಿದಳು ಎಂದುಕೊಂಡೆ. ಅಷ್ಟರಲ್ಲಿ ಆಕೆಯ ಪಕ್ಕದಲ್ಲಿದ್ದ ನಾರ್ವೆಯ ಮೇಯರು, ಬಾಗಿಲಿನಷ್ಟು ಅಗಲದ ಆಳು, ತಾನೇ ಮೊದಲು ಇಳಿದು ಸೈಕಲ್ ತಳ್ಳತೊಡಗಿದ. ಅದನ್ನು ಕಂಡದ್ದೇ ಮುದುಕಿಯ ಕಾಲು ಮತ್ತೆ ಪೆಡಲಿಗೆ ಹೋಯಿತು. ಸೀಟಿನಿಂದ ಎದ್ದು, ನಿಂತು ತುಳಿದಳು. ಮೇಲೆ ತಲುಪಿ ಹಿಂತಿರುಗಿದಳು.

“ಏನಪ್ಪಾ, ನಿಮ್ಮೂರಲ್ಲಿ ಬೆಟ್ಟ ಗಿಟ್ಟ ಏನೂ ಇಲ್ವಾ?”

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಎಲ್ಲರೂ ನಕ್ಕರು, ನಾರ್ವೆಯವನು ಎಲ್ಲರಿಗಿಂತ ಹೆಚ್ಚು. ಐರ್ಲೆಂಡಿನ ಹೆಂಗಸು ಫೋಟೋ ತೆಗೆದಳು. ಕೆನ್ನೆ ಕೆಂಪಾಗಿ, ಬಿಳಿಕೂದಲು ಹಾರುತ್ತ, ಹಿಲ್ಯಾ ಅದರಲ್ಲಿ ಯುದ್ಧ ಗೆದ್ದ ರಾಣಿಯ ಹಾಗಿದ್ದಳು. ಆ ಹೊತ್ತಿಗೆ ಸೊಂಟದಲ್ಲಿ ಏನಾಗುತ್ತಿತ್ತೋ ಅದು ಫೋಟೋದಲ್ಲಿ ಬರುವಂಥದ್ದಲ್ಲ.

ಸಭೆಯಲ್ಲಿ ಆಕೆ ಎದ್ದು ನಿಂತಳು. ಪಕ್ಕದಲ್ಲಿ ನಾನು. ಮಾತು ಬಹಳ ಚಿಕ್ಕದಾಗಿತ್ತು.

“ನಂಗೆ ಈಗ ಸೈಕಲ್ ತುಳಿಯೋಕಾಗಲ್ಲ. ಬಸ್ಸು ತೆಗೀಬೇಡಿ.”

ಒಂದಕ್ಷರ ಕೂಡಿಸದೆ, ಕಳೆಯದೆ ಇಂಗ್ಲಿಷಿನಲ್ಲಿ ಹೇಳಿದೆ. ನಂತರ ನಾರ್ವೆಯವನು ಮೇಜು ಕುಟ್ಟಿ ನಗತೊಡಗಿದ, ಹಿಂದೆಯೇ ಇಡೀ ಕೋಣೆ ನಕ್ಕಿತು. ಯಾರೋ ಚಪ್ಪಾಳೆ ತಟ್ಟಿದರು. ನಮ್ಮ ಹಿಲ್ಯಾ ಯಾವಾಗಲೂ ಹೀಗೇ, ಮುಖ ಗಂಟಿಕ್ಕಿಕೊಂಡೇ ತಮಾಷೆ ಮಾಡುತ್ತಾಳೆ ಎಂದು ಫೆನ್ನಾ ವಿವರಿಸಿದಳು. ತಮಾಷೆಯಲ್ಲ ಎಂದು ನಾನೆಂದೆ. ನನ್ನ ದನಿ ಚಪ್ಪಾಳೆಯಲ್ಲಿ ಎಲ್ಲಿ ಹೋಯಿತೋ. ಆಸ್ಟ್ರಿಯಾದವನೊಬ್ಬ ಮಾತ್ರ ಮುಂದಕ್ಕೆ ಬಾಗಿ, ನಿಜವಾಗಿಯೂ ನೋವಿದೆಯೇ ಎಂದು ಆಕೆಯನ್ನೇ ಕೇಳಿದ. ಇಪ್ಪತ್ತು ಮುಖಗಳು ಆಕೆಯ ಕಡೆ ತಿರುಗಿದವು, ಎಲ್ಲವೂ ಮೆಚ್ಚುಗೆಯ ಮುಖಗಳು. ಮುದುಕಿ ಬೆನ್ನು ನೆಟ್ಟಗೆ ಮಾಡಿದಳು.

“ನಡೆಯುತ್ತೆ” ಎಂದಳು.

ಬಸ್ಸು ಹೋಯಿತು. ನಮ್ಮೂರಿನಲ್ಲಷ್ಟೇ ಅಲ್ಲ, ಮುಂದಿನ ತಿಂಗಳುಗಳಲ್ಲಿ ಉಳಿದ ನಾಲ್ಕೂ ಊರುಗಳಲ್ಲಿ ಒಂದೊಂದು ಬೀದಿಯ ಬಸ್ಸು ಹೋಯಿತು. ಸೇತುವೆಯ ಮೇಲಿನ ಆ ಫೋಟೋವನ್ನು ದೊಡ್ಡದು ಮಾಡಿ, ‘ಈಕೆಗೆ ಬಸ್ಸು ಬೇಡ, ನಿಮಗೆ?’ ಎಂದು ಐದು ಭಾಷೆಗಳಲ್ಲಿ ಬರೆದು ಗೋಡೆಗಳಿಗೆ ಅಂಟಿಸಿದರು. ನಮ್ಮೂರಿನ ಗೋಡೆಗಳಿಗೆ ಅಂಟಿಸಿದವನು ನಾನು. ಗೋಂದಿನ ಬಕೆಟ್ಟನ್ನು ಅಪ್ಪನ ಕಾರಿನಲ್ಲಿ ಸಾಗಿಸಿದೆ.

ಇಲ್ಲಿ ಮುದುಕರಿಗೆ ಪುರಸಭೆ ಕಡಿಮೆ ದರದಲ್ಲಿ ಟ್ಯಾಕ್ಸಿ ಕೊಡುತ್ತದೆ, ಓಡಾಡಲು ಆಗುವುದಿಲ್ಲವೆಂದು ತೋರಿಸಿಕೊಟ್ಟರೆ. ಹಿಲ್ಯಾ ಕೌಂಟರಿಗೆ ಹೋದಳು. ಅಲ್ಲಿದ್ದ ಹುಡುಗಿ ಆಕೆಯ ಮುಖ ನೋಡಿ, ಹಿಂದಿನ ಗೋಡೆ ನೋಡಿ, ಅದು ನೀವೇ ಅಲ್ಲವೇ ಎಂದು ಸಂತೋಷಪಟ್ಟಳಂತೆ. ನಾನೇ ಎಂದು ಹಿಲ್ಯಾ ಹೇಳಿದಳಂತೆ. ಅಲ್ಲಿಗೆ ಟ್ಯಾಕ್ಸಿಯೂ ಮುಗಿಯಿತು.

ಆಮೇಲೆ ಆಕೆ ಸೈಕಲ್ಲನ್ನೇ ಊರುಗೋಲು ಮಾಡಿಕೊಂಡಳು. ಹ್ಯಾಂಡಲಿಗೆ ಜೋತುಬಿದ್ದು, ತಳ್ಳಿಕೊಂಡು, ಬೆಳಿಗ್ಗೆಯೇ ಹೊರಟರೂ ಊಟದ ಹೊತ್ತು ಮೀರಿ ತಲುಪುತ್ತಿದ್ದಳು. ಚಳಿ ಬಿದ್ದ ಮೇಲಂತೂ ಆಕೆ ತಲುಪುವಷ್ಟರಲ್ಲಿ ಗೇಪ್ಕೆ ನಿದ್ದೆ ಹೋಗಿರುತ್ತಿದ್ದಳು. ಡಿಸೆಂಬರಿನ ಒಂದು ಮಧ್ಯಾಹ್ನ, ಆಲಿಕಲ್ಲು ಮಳೆಯಲ್ಲಿ, ಸೇತುವೆಯ ಬುಡದಲ್ಲಿ ನಿಂತೇಬಿಟ್ಟಿದ್ದಳು. ನಾನು ಕಾರು ನಿಲ್ಲಿಸಿ ಬಾಗಿಲು ತೆರೆದೆ. ನಿನ್ನದಾ ಎಂದು ಕೇಳಿದಳು. ಅಪ್ಪನದು ಎಂದೆ. ಹತ್ತಿ ಕುಳಿತಳು, ಸೈಕಲ್ಲನ್ನು ಕಂಬಿಗೆ ಒರಗಿಸಿ, ಬೀಗವನ್ನೂ ಹಾಕದೆ.

ಆರೈಕೆ ಮನೆಯ ಕೋಣೆಯ ಬಾಗಿಲು ತಲುಪಿದಾಗ ಒಳಗೆ ಹೊಸ ದಾದಿಯೊಬ್ಬಳು ಗೇಪ್ಕೆಗೆ ಗಂಜಿ ಕುಡಿಸುತ್ತಿದ್ದಳು. ಗೇಪ್ಕೆ ಹಕ್ಕಿಮರಿಯ ಹಾಗೆ ಬಾಯಿ ತೆರೆಯುತ್ತಿದ್ದಳು. ಚಮಚದಿಂದ ಚಮಚಕ್ಕೆ ಆ ಹುಡುಗಿಯ ಕೆನ್ನೆ ಸವರಿ, ಹಿಲ್ಯಾ, ಹಿಲ್ಯಾ ಎನ್ನುತ್ತಿದ್ದಳು.

ದಾದಿ ನಮ್ಮನ್ನು ಕಂಡು ಅರಳಿದಳು.

“ಬನ್ನಿ ಬನ್ನಿ. ಒಂದು ವಾರದಿಂದ ಚೆನ್ನಾಗಿ ತಿಂತಿದ್ದಾರೆ ನೋಡಿ. ನನ್ನನ್ನೇ ಅಕ್ಕ ಅಂದ್ಕೊಂಡಿದ್ದಾರೆ. ಇನ್ಮೇಲೆ ಈ ಚಳೀಲಿ ನೀವು ಒದ್ದಾಡ್ಕೊಂಡು ಬರೋದೇ ಬೇಡ.”

ಹಿಲ್ಯಾ ಮಂಚದ ಹತ್ತಿರ ಹೋಗಿ, ಒದ್ದೆ ಬಟ್ಟೆಯನ್ನು ತಲೆಯಿಂದ ತೆಗೆದಳು.

“ಗೇಪ್ಕೆ, ನಾನ್ಯಾರು ಹೇಳು.”

ತಂಗಿ ಬಹಳ ಹೊತ್ತು ನೋಡಿದಳು. ಮರ್ಯಾದೆಯ ಮನೆತನದವಳು, ಪರಕೀಯರ ಜೊತೆ ಒರಟಾಗಿ ಮಾತಾಡುವವಳಲ್ಲ.

“ಊಟ ಮಾಡ್ತಿದ್ದೀನಿ” ಎಂದಳು. “ಆಚೆ ಕೂತಿರಿ, ಕರೀತಾರೆ.”

ಹಿಲ್ಯಾ ಆಚೆ ಹೋಗಿ ಕುರ್ಚಿಯ ಮೇಲೆ ಕುಳಿತಳು. ನಾನು ಪಕ್ಕದಲ್ಲಿ ಕುಳಿತೆ. ಒಳಗೆ ಚಮಚ ಬಟ್ಟಲಿನ ತಳ ಕೆರೆಯುವ ಸದ್ದು ಕೇಳುತ್ತಿತ್ತು. ಯಾರೂ ಕರೆಯಲಿಲ್ಲ.