ದೆವ್ವದ ಪಿಚ್ಚರಿಗೆ ಒಪ್ಪುವ ತಿಂಡಿ

ನಮ್ಮ ಮನೆಗೆ ದೆವ್ವಗಳು ಬರುತ್ತಿದ್ದುದು ಹಗಲು ಹೊತ್ತಿನಲ್ಲಿ, ಮೀನಿನ ಟೆಂಪೋದಲ್ಲಿ. ಬೆಳಿಗ್ಗೆ ಹತ್ತಕ್ಕೆ ಬಂದು, ಸಂಜೆ ನಾಲ್ಕಕ್ಕೆ ಹೊರಟುಬಿಡುತ್ತಿದ್ದವು. ಇದನ್ನು ಹೇಳಿದರೆ ಈಗಿನ ಮಕ್ಕಳು ನಗುತ್ತಾರೆ. ನಗಲಿ, ನಾವೂ ನಕ್ಕವರೇ.

ಎಂಬತ್ತರ ದಶಕದ ಮಾತು. ಹೊನ್ನಾವರ ಬಂದರಿನ ಹತ್ತಿರದ ಕೇರಿಯಲ್ಲಿ ನಮ್ಮ ಮನೆ. ಅವ್ವ, ಅಣ್ಣ, ನಾನು, ಮೂರೇ ಜನ. ಅಪ್ಪ ನಾನು ಚಿಕ್ಕವಳಿದ್ದಾಗಲೇ ಕಾಮಾಲೆಯಾಗಿ ಹೋಗಿದ್ದ. ಅವ್ವ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು, ಅಣ್ಣ ಬೋಟಿಗೆ ಹೋಗುತ್ತಿದ್ದ. ನಾನು ಹತ್ತನೆಯ ತರಗತಿಯ ಗಣಿತಕ್ಕೆ ಕೈಮುಗಿದು ಮನೆಯಲ್ಲಿ ಅಡಿಗೆ ನೋಡಿಕೊಂಡಿದ್ದೆ.

ಅಣ್ಣನಿಗೆ ಭಟ್ಕಳದಲ್ಲಿ ಒಬ್ಬ ದೋಸ್ತ ಇದ್ದ. ಖಾಲಿ ಟೆಂಪೋ ತಂದು, ನಮ್ಮ ಬಂದರಿನಲ್ಲಿ ಮೀನು ತುಂಬಿಕೊಂಡು ಹೋಗುವುದು ಅವನ ಕೆಲಸ. ಅವನ ಮಾವ ದುಬೈಯಿಂದ ಒಂದು ಟಿವಿ, ಒಂದು ವಿಸಿಆರ್ ತಂದಿದ್ದರು. ಸಂಜೆಯಾದರೆ ಅವೆರಡೂ ಮನೆಮಂದಿಗೆ ಬೇಕು. ಹಗಲಲ್ಲಿ ಸುಮ್ಮನೆ ಬಿದ್ದಿರುವುದನ್ನು ನೋಡಿ ಇವನು ಬೆಡ್‌ಶೀಟಿನಲ್ಲಿ ಸುತ್ತಿ, ಮೀನಿನ ಪೆಟ್ಟಿಗೆಗಳ ನಡುವೆ ಇಟ್ಟು ನಮ್ಮಲ್ಲಿಗೆ ಹೊತ್ತು ತರುತ್ತಿದ್ದ. ಮಾವನಿಗೆ ಗೊತ್ತಿತ್ತೋ ಇಲ್ಲವೋ, ನಾವು ಕೇಳಲಿಲ್ಲ. ಟಿವಿಗೆ ಮೀನಿನ ವಾಸನೆ ಹೇಗೆ ಬಂತೆಂದು ಆ ಮನೆಯವರು ತಲೆ ಕೆಡಿಸಿಕೊಂಡಿರಬೇಕು.

ಬೋಟಿಗೆ ರಜೆ ಇದ್ದ ದಿನ ನಮ್ಮಲ್ಲಿ ಪಿಚ್ಚರ್. ಅಣ್ಣನಿಗೆ ಪ್ರೀತಿ-ಪ್ರೇಮದ ಪಿಚ್ಚರ್ ಆಗುತ್ತಿರಲಿಲ್ಲ, ಹೊಡೆದಾಟದ್ದೂ ಆಗುತ್ತಿರಲಿಲ್ಲ. ದೆವ್ವವೇ ಬೇಕು. ಹಿಂದಿಯಾಗಲಿ, ಇಂಗ್ಲಿಷಾಗಲಿ, ಭಾಷೆ ತಿಳಿಯದಿದ್ದರೂ ದೆವ್ವ ತಿಳಿಯುತ್ತದೆ ಎನ್ನುತ್ತಿದ್ದ. ಹಗಲಲ್ಲಿ ದೆವ್ವಕ್ಕೆ ಕತ್ತಲೆ ಬೇಡವೇ? ಅದಕ್ಕೆ ಕಿಟಕಿಗಳಿಗೆ ಕಂಬಳಿ ಕಟ್ಟಿ, ಹೆಂಚಿನ ಸಂದಿಗೆ ಗೋಣಿ ತುರುಕಿ, ಬಾಗಿಲು ಹಾಕಿ ನಡುಮನೆಯನ್ನು ಕತ್ತಲೆ ಮಾಡುತ್ತಿದ್ದ. ಅಷ್ಟಾದ ಮೇಲೆ ತಿಂಡಿಯ ವಿಚಾರ.

"ಪಿಚ್ಚರ್ ನೋಡ್ತಾ ತಿಂಬೂದು ಪಿಚ್ಚರಿಗೆ ಹೊಂದ್ಕಂಡೇ ಇರ್ಬೇಕು ತಂಗಿ," ಎನ್ನುತ್ತಿದ್ದ. "ಅಲ್ಲಿ ದೆವ್ವ ಎಂತ ತಿಂತದೆ, ಇಲ್ಲಿ ನಾವೂ ಅದನ್ನೇ ತಿನ್ಬೇಕು. ಇಲ್ದಿದ್ರೆ ಮಜಾ ಎಂತ?"

ದೋಸ್ತ ಕ್ಯಾಸೆಟ್ಟಿನ ಕತೆಯನ್ನು ಹಿಂದಿನ ಸಲವೇ ಹೇಳಿ ಹೋಗುತ್ತಿದ್ದ. ಅದರ ಮೇಲೆ ನನ್ನ ಅಡಿಗೆ. ರಕ್ತ ಕುಡಿಯುವ ದೊರೆಯ ಪಿಚ್ಚರಿಗೆ ಮುರುಗಲ ಹಣ್ಣಿನ ಕಡುಗೆಂಪು ಪಾನಕ. ಅದರಷ್ಟು ಚೆಂದದ ರಕ್ತ ಯಾವ ಪಿಚ್ಚರಿನಲ್ಲೂ ನಾನು ಕಂಡಿಲ್ಲ. ಕತ್ತರಿಸಿದ ಕೈಯೊಂದು ತನ್ನಷ್ಟಕ್ಕೆ ಹರಿದಾಡುವ ಪಿಚ್ಚರಿಗೆ ಶೆಟ್ಲಿ, ಅಂದರೆ ಸಿಗಡಿ, ಮಸಾಲೆ ಹಚ್ಚಿ ಹುರಿದದ್ದು. ಬೆರಳು ಮಡಚಿದ ಹಾಗೇ ಇರುತ್ತದೆ. ಬಾವಿಯಿಂದ ಎದ್ದು ಬರುವ ಮುದುಕಿಯ ಪಿಚ್ಚರಿಗೆ ಒತ್ತು ಶಾವಿಗೆ ಮಾಡಿದ್ದೆ, ಬಿಳಿ ಕೂದಲೆಂದು. ಬೇಸಿಗೆಯಾದರೆ ತಾಳೆಹಣ್ಣಿನ ಎಳೆಯ ತಿರುಳು ಸುಲಿದು ಬಟ್ಟಲಲ್ಲಿ ಇಡುತ್ತಿದ್ದೆ, ಅವು ಕಣ್ಣುಗಳು. ಒಮ್ಮೆ ಪರದೆಯ ಮೇಲೆ ದೆವ್ವ ಕಣ್ಣು ಕಿತ್ತ ಹೊತ್ತಿಗೇ ದೋಸ್ತನ ಬಾಯಲ್ಲಿ ತಾಳೆಹಣ್ಣು ಪಚಕ್ಕೆಂದಿತು. ಅವನು ಎದ್ದು ಹೊರಗೆ ಓಡಿದ. ಅಣ್ಣ ನಕ್ಕು ನಕ್ಕು ಗೋಡೆಗೆ ತಲೆ ಹೊಡೆದುಕೊಂಡ.

ಅಣ್ಣನಿಗೆ ತಟ್ಟೆ ಆಗುತ್ತಿರಲಿಲ್ಲ. ಮನೆಯಲ್ಲಿದ್ದ ನಾಲ್ಕು ತಟ್ಟೆಗಳನ್ನು ನಮಗೆ ಬಿಟ್ಟು, ತಾನು ಹಿತ್ತಿಲಿನಿಂದ ಬಾಳೆಲೆಯ ಕುಡಿ ಕೊಯ್ದು ತರುತ್ತಿದ್ದ. ತೊಳೆಯುವ ಕೆಲಸ ಇಲ್ಲ ಎನ್ನುವುದು ಅವನ ನೆವ. ಅವ್ವನಿಗೆ ಇದು ಕಂಡರೆ ಆಗದು.

"ಬಾಗ್ಲು ಹಾಕ್ಕಂಡು, ಕತ್ಲಲ್ಲಿ, ಎಲೆ ಮೇಲೆ ತಿಂಬೂರು ಯಾರು ಗೊತ್ತದ್ಯಾ?" ಎಂದು ಬಯ್ಯುತ್ತಿದ್ದಳು. "ಸತ್ತೋರು! ಎಡೆ ಇಟ್ಟ ಹಂಗೆ ಮಾಡ್ಬೇಡ್ವೋ."

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಸತ್ತವರಿಗೆ ಎಡೆ ಇಡುತ್ತಾರೆ. ಅವರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನೆಲ್ಲ ಮಾಡಿ, ಎಲೆಯಲ್ಲಿ ಬಡಿಸಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬಂದು ಕೂರಬೇಕು. ಉಣ್ಣುವುದನ್ನು ನಾವು ನೋಡಬಾರದು, ಮಾತಾಡಬಾರದು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ, ಎಲೆ ನೋಡುವುದು. ಅನ್ನ ಒಂದಿಷ್ಟು ಜರಗಿದ್ದರೆ, ನೀರು ಒಂದಿಷ್ಟು ಕಮ್ಮಿಯಾಗಿದ್ದರೆ, ಬಂದು ಉಂಡರು ಎಂದು ಸಮಾಧಾನ. ಅಪ್ಪನಿಗೆ ಪ್ರತಿ ವರ್ಷ ಹುರಿದ ಬಂಗಡೆ, ಒಂದು ಕಟ್ಟು ಬೀಡಿ ಇಡುತ್ತಿದ್ದೆವು.

ಅವ್ವ ಬೈದಾಗ ಅಣ್ಣ ಅವಳ ಸೊಂಟ ಹಿಡಿದು ಎತ್ತಿ ತಿರುಗಿಸಿಬಿಡುತ್ತಿದ್ದ. "ನಾ ಸತ್ರೆ ಎಲೆ ತುಂಬ ಶೆಟ್ಲಿ ಇಡು ಅವ್ವಿ, ಅನ್ನ ಬ್ಯಾಡ," ಎನ್ನುತ್ತಿದ್ದ. ಅವ್ವ ಅವನ ತಲೆಗೆ ಮೊಟಕುತ್ತಿದ್ದಳು. ನಾವು ಇಂಥ ಮಾತನ್ನೆಲ್ಲ ಎಷ್ಟು ಸಲೀಸಾಗಿ ಆಡಿದೆವಲ್ಲ ಎಂದು ಈಗ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಒಂದು ಮಳೆಗಾಲ ಮುಗಿದು ಬೋಟುಗಳು ಮತ್ತೆ ನೀರಿಗಿಳಿದ ಮೊದಲ ವಾರ, ಶರಾವತಿ ಕಡಲು ಸೇರುವ ಅಳಿವೆಯಲ್ಲಿ ಅಣ್ಣನ ಬೋಟು ಮಗುಚಿತು. ಮಳೆಯಲ್ಲಿ ಮರಳಿನ ದಿಬ್ಬ ಜಾಗ ಬದಲಿಸಿತ್ತು, ತೆರೆ ದೊಡ್ಡದಿತ್ತು. ಬೋಟಿನಲ್ಲಿದ್ದ ನಾಲ್ವರಲ್ಲಿ ಮೂವರು ಈಜಿ ದಡ ಸೇರಿದರು. ಅಣ್ಣ ಸೇರಲಿಲ್ಲ. ಎಂಟು ದಿನ ಹುಡುಕಿದರು, ಹೆಣವೂ ಸಿಗಲಿಲ್ಲ.

ಅವ್ವ ಅಳಲಿಲ್ಲ. ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಅತ್ತರೆ ಮಗ ಸತ್ತ ಎಂದು ತಾನೇ ಒಪ್ಪಿದ ಹಾಗೆ ಆಗುತ್ತದಲ್ಲ. ಯಾವುದೋ ದೊಡ್ಡ ಬೋಟು ಅವನನ್ನು ಎತ್ತಿಕೊಂಡು ಹೋಗಿದೆ, ರತ್ನಾಗಿರಿಯಲ್ಲೋ ಬೊಂಬಾಯಿಯಲ್ಲೋ ಇದ್ದಾನೆ, ತಲೆಗೆ ಪೆಟ್ಟಾಗಿ ಊರು ಮರೆತಿದ್ದಾನೆ ಎನ್ನುತ್ತಿದ್ದಳು. ಕುಮಟಾಕ್ಕೆ ಹೋಗಿ ಕೇಳಿ ಬಂದಳು. ಭಟ್ಕಳಕ್ಕೆ ಹೋಗಿ ಹೊರಗಿನಿಂದ ಬಂದ ಬೋಟುಗಳವರನ್ನೆಲ್ಲ ಕೇಳಿ ಬಂದಳು. ಆ ವರ್ಷ ಮಹಾಲಯ ಬಂತು. ಕೇರಿಯ ಹಿರಿಯರು ಮನೆಗೆ ಬಂದು, ಎಡೆ ಇಡದಿದ್ದರೆ ಹುಡುಗ ಪ್ರೇತವಾಗಿ ಅಲೆಯುತ್ತಾನೆ ಎಂದರು.

"ಕಣ್ಣಾರೆ ಕಾಣ್ದೇ ನಾ ನನ್ನ ಮಗಂಗೆ ಎಡೆ ಇಡೂದಿಲ್ಲ," ಎಂದಳು ಅವ್ವ. "ನಿಮ್ಗೆ ಬೇಕಾದ್ರೆ ನಿಮ್ಮ ಮನೇಲಿ ಇಟ್ಕಣಿ."

ಅವರು ಮತ್ತೆ ಬರಲಿಲ್ಲ. ಹೀಗೇ ಮೂರು ವರ್ಷ ಹೋಯಿತು. ಅಷ್ಟೂ ದಿನ ಅವ್ವ ಮಗನ ಪಾಲಿನ ಸಾರು ತೆಗೆದಿಟ್ಟು ಮರುದಿನ ಚೆಲ್ಲಿದಳು. ಹೊಸ್ತಿಲ ಹೊರಗೆ ಹೆಜ್ಜೆ ಸಪ್ಪಳವಾದರೆ ಕತ್ತು ತಿರುಗಿಸಿದಳು. ನನ್ನ ಮದುವೆಯ ಮಾತು ಬಂದಾಗಲೆಲ್ಲ "ಅಣ್ಣ ಬರ್ಲಿ, ಮದ್ವೇಲಿ ಕೈಗೆ ಅರಳು ಹೊಯ್ಯೂಕೆ ಅವ ಬೇಡ್ವಾ?" ಎಂದು ಬಂದವರನ್ನು ಕಳಿಸಿದಳು. ಮೊದಲು ನಾನು ಅವಳ ಜೊತೆ ಕಾದೆ. ಆಮೇಲೆ ಅವಳ ಮೇಲೆ ಸಿಟ್ಟಾಗತೊಡಗಿದೆ. ಅಣ್ಣನಿಗಾಗಿ ಅಳಲು ನನ್ನನ್ನೂ ಬಿಡುತ್ತಿರಲಿಲ್ಲ ಅವಳು. ಹಿತ್ತಿಲಲ್ಲಿ ಪಾತ್ರೆ ತಿಕ್ಕುವಾಗ ಕದ್ದು ಅಳುತ್ತಿದ್ದೆ.

ನಾಲ್ಕನೆಯ ಬೇಸಿಗೆಯಲ್ಲಿ ಭಟ್ಕಳದ ದೋಸ್ತ ಬಂದ. ಬೋಟು ಮಗುಚಿದ ದಿನದಿಂದ ಟಿವಿ ತರುವುದು ನಿಂತಿತ್ತು. ಬರೀ ಬಂದು, ಅವ್ವನಿಗೆ ಹಣ್ಣೋ ಬಿಸ್ಕೀಟೋ ಕೊಟ್ಟು, ಮಾತಿಲ್ಲದೆ ಹೋಗುತ್ತಿದ್ದ. ಅವತ್ತು ಅವ್ವ ಇರಲಿಲ್ಲ.

"ನನಗೆ ವೀಸಾ ಬಂತು ತಂಗಿ. ದುಬೈಗೆ ಹೋಗ್ತೇನೆ," ಎಂದ. "ಅವನು ಒಂದು ಪಿಚ್ಚರ್ ಕೇಳಿದ್ದ. ಆಗ ಸಿಗ್ಲಿಲ್ಲ. ಈಗ ಸಿಕ್ಕಿದೆ. ಹೋಗೋ ಮೊದ್ಲು ಒಂದು ಸಲ ಹಾಕೋಣ. ಇಲ್ಲಾಂದ್ರೆ ನನಗೆ ನಿದ್ದೆ ಬರೋದಿಲ್ಲ."

ಕತೆ ಏನೆಂದು ಕೇಳಿದೆ. ಹೇಳಿದ. ಅದರಲ್ಲಿ ರಕ್ತ, ಕೈ, ಕಣ್ಣು ಎಲ್ಲವೂ ಇದ್ದವು. ಅಣ್ಣ ಕೇಳಿದ್ದು ಸುಮ್ಮನಲ್ಲ.

ಶುಕ್ರವಾರ ಮಧ್ಯಾಹ್ನ ಎಂದು ಗೊತ್ತುಮಾಡಿದೆವು. ಅವ್ವನಿಗೆ ನಾನು ಹೇಳಲಿಲ್ಲ. ಅವಳು ಬರುವುದು ಹೇಗೂ ಸಂಜೆಗೆ, ಅಷ್ಟರೊಳಗೆ ಮುಗಿಸಿ ಎಲ್ಲವನ್ನೂ ತೆಗೆದಿಟ್ಟರಾಯಿತು ಎಂದುಕೊಂಡೆ. ಪಕ್ಕದ ಮನೆಯ ಹುಡುಗಿಯರನ್ನು ಕರೆದಿದ್ದೆ. ಬೆಳಿಗ್ಗೆಯೇ ಮುರುಗಲ ಪಾನಕ ಮಾಡಿದೆ, ಶೆಟ್ಲಿ ಹುರಿದೆ, ತಾಳೆಹಣ್ಣು ಸುಲಿದೆ. ಕಿಟಕಿಗೆ ಕಂಬಳಿ ಕಟ್ಟಿದೆ. ಹುಡುಗಿಯರಿಗೂ ದೋಸ್ತನಿಗೂ ತಟ್ಟೆ ತೆಗೆದು ಅಡಿಗೆಮನೆಯಲ್ಲಿ ಇಟ್ಟೆ. ಆಮೇಲೆ ಹಿತ್ತಿಲಿಗೆ ಹೋಗಿ ಬಾಳೆಲೆಯ ಕುಡಿ ಕೊಯ್ದು ತಂದು, ಅಣ್ಣ ಕೂರುತ್ತಿದ್ದ ಜಾಗದಲ್ಲಿ ಹಾಸಿ, ಅವನ ಪಾಲು ಬಡಿಸಿದೆ. ಪಕ್ಕದಲ್ಲಿ ಪಾನಕದ ಲೋಟ ಇಟ್ಟೆ. ಬೆಲ್ಲ ಸಾಕೋ ಎಂದು ಅದರಿಂದಲೇ ಎರಡು ಗುಟುಕು ಕುಡಿದು ನೋಡಿದೆ.

ಆಗ ನನ್ನ ಮನಸ್ಸಿನಲ್ಲಿ ಎಡೆ ಇತ್ತೇ? ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಇರಲಿಲ್ಲ ಎಂದೇ ನನ್ನ ನಂಬಿಕೆ. ಅವನಿಗೆ ತಟ್ಟೆ ಆಗುತ್ತಿರಲಿಲ್ಲ, ಎಲೆಯೇ ಬೇಕಿತ್ತು, ಅಷ್ಟೇ. ಬೆಕ್ಕು ನುಗ್ಗೀತೆಂದು ಬಾಗಿಲು ಮುಂದೆ ಮಾಡಿ, ಕೈ ತೊಳೆಯಲು ಬಾವಿಗೆ ಹೋದೆ.

ಹಿಂದಿರುಗಿ ಬಂದರೆ ಅವ್ವ ಜಗುಲಿಯ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ಅವತ್ತು ಮೀನು ಬೇಗ ಖರ್ಚಾಗಿತ್ತು. ಖಾಲಿ ಬುಟ್ಟಿ ಪಕ್ಕದಲ್ಲಿತ್ತು. ಬಾಗಿಲು ತಳ್ಳಿ ಒಳಗೆ ನೋಡಿ, ಮತ್ತೆ ಮುಚ್ಚಿ ಬಂದು ಕೂತಿದ್ದಾಳೆ ಎಂದು ಅವಳ ಮುಖ ನೋಡಿಯೇ ಗೊತ್ತಾಯಿತು. ಇನ್ನು ಬೈಗುಳ ಶುರುವಾಗುತ್ತದೆ ಎಂದು ನಿಂತೆ.

ಅವ್ವ ಪಿಸುಗುಟ್ಟಿದಳು. "ಬಾಗ್ಲು ಮುಚ್ಚಿ ಎಷ್ಟೊತ್ತಾತು?"

ನನಗೆ ಅರ್ಥವಾಗಲಿಲ್ಲ. "ಈಗಷ್ಟೇ," ಎಂದೆ.

"ಹಂಗಾರೆ ಕೂತ್ಕ. ಮಾತಾಡ್ಬೇಡ. ಉಣ್ಲಿ ಅವ."

ಆಗ ಅರ್ಥವಾಯಿತು. ಅವ್ವಿ, ಅದು ಎಡೆ ಅಲ್ಲ, ಪಿಚ್ಚರಿನ ತಿಂಡಿ ಎಂದು ಹೇಳಬೇಕಿತ್ತು. ಒಂದೇ ಒಂದು ಮಾತು. ಹೇಳಲಿಲ್ಲ, ಅವಳ ಪಕ್ಕದಲ್ಲಿ ಕೂತೆ. ಅವಳ ಮೇಲಿನ ಕನಿಕರದಿಂದ ಬಾಯಿ ಮುಚ್ಚಿಕೊಂಡೆ ಎಂದರೆ ಅರ್ಧ ಸುಳ್ಳು. ನನಗೂ ಕಾದು ಸಾಕಾಗಿತ್ತು. ಇದು ಎಲ್ಲಾದರೂ ಮುಗಿಯಲಿ ಎನ್ನಿಸಿತ್ತು.

ಬಿಸಿಲು ಅಂಗಳದ ತುಂಬ ಇತ್ತು. ಅವ್ವ ಮಂಡಿಯ ಮೇಲೆ ಕೈಯಿಟ್ಟು, ಒಳಗೆ ಯಾರೋ ನಿಜವಾಗಿ ಉಣ್ಣುತ್ತಿದ್ದಾರೆ ಎನ್ನುವಂತೆ ಕಿವಿಗೊಟ್ಟು ಕೂತಿದ್ದಳು. ಬಹಳ ಹೊತ್ತಿನ ಮೇಲೆ ಎದ್ದು, ಬಾಗಿಲನ್ನು ಮೂರು ಸಲ ಮೆಲ್ಲಗೆ ತಟ್ಟಿ ಒಳಗೆ ಹೋದಳು. ನಾನು ಹಿಂದೆಯೇ ಹೋದೆ. ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ನೋಡಿದಳು. ಲೋಟ ಎತ್ತಿ, ಬಾಗಿಲ ಬೆಳಕಿಗೆ ಹಿಡಿದಳು. ಪಾನಕ ಎರಡು ಬೆರಳಿನಷ್ಟು ಇಳಿದಿತ್ತು. ಅಂಚಿನ ಮೇಲೆ ತುಟಿ ತಾಗಿದ ಗುರುತು ಕೆಂಪಗೆ ಇತ್ತು.

"ಕುಡ್ದಿದ್ದ," ಎಂದಳು. "ನೋಡೇ, ಬಂದಿದ್ದ. ಕುಡ್ದಿದ್ದ."

ನಾನು ಕುಡಿದದ್ದು ಎಂದು ಆಗಲೂ ಹೇಳಬಹುದಿತ್ತು.

ಅವ್ವ ಆ ಲೋಟವನ್ನು ಎದೆಗೆ ಒತ್ತಿಕೊಂಡು ನೆಲಕ್ಕೆ ಬಿದ್ದಳು. ಮೂರು ವರ್ಷದ ಅಳು ಒಟ್ಟಿಗೇ ಬಂತು. ಪಾನಕ ಸೀರೆಯ ಮೇಲೆಲ್ಲ ಚೆಲ್ಲಿತು. ಅವಳು ಅಣ್ಣನ ಹೆಸರು ಹಿಡಿದು ಕೂಗಿದಳು, ಹುಟ್ಟಿದ ದಿನದಿಂದ ಹಿಡಿದು ಬೋಟಿಗೆ ಹೋದ ಬೆಳಗಿನವರೆಗೆ ಹಾಡಿ ಹಾಡಿ ಅತ್ತಳು. ನಾನು ಅವಳನ್ನು ತಬ್ಬಿಕೊಂಡು ಅತ್ತೆ. ಅಣ್ಣನಿಗಾಗಿ ನಾನು ಎಲ್ಲರೆದುರು ಬಾಯಿಬಿಟ್ಟು ಅತ್ತದ್ದು ಅವತ್ತೇ. ಕೇರಿಯ ಹೆಂಗಸರು ಓಡಿ ಬಂದರು. ಪಿಚ್ಚರಿಗೆಂದು ಬಂದ ಹುಡುಗಿಯರು ಗೋಡೆಗೆ ಒತ್ತಿಕೊಂಡು ನಿಂತರು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಎಲೆಯನ್ನು ನೋಡಿದರು, ತಿಳಿದುಕೊಂಡರು, ಸೆರಗು ಬಾಯಿಗೆ ಹಿಡಿದರು.

ಅಷ್ಟರಲ್ಲಿ ಟೆಂಪೋ ಬಂದು ನಿಂತ ಸದ್ದಾಯಿತು. ದೋಸ್ತ ಬೆಡ್‌ಶೀಟಿನಲ್ಲಿ ಸುತ್ತಿದ ಟಿವಿಯನ್ನು ಹೆಗಲ ಮೇಲೆ ಹೊತ್ತು ಅಂಗಳಕ್ಕೆ ಬಂದ. ಅಳು ಕೇಳಿ ಅಲ್ಲೇ ನಿಂತ. ಅಣ್ಣನ ಸುದ್ದಿಯೇನೋ ಬಂತೆಂದುಕೊಂಡಿರಬೇಕು, ಮುಖ ಸುಣ್ಣದ ಹಾಗಾಯಿತು. ನಾನು ಅವನನ್ನು ನೋಡಿದೆ. ಅವನಿಗೆ ಎಲ್ಲ ಗೊತ್ತಿತ್ತು, ಇವತ್ತು ಏನಿತ್ತು, ಆ ಎಲೆ ಯಾಕೆ ಎಲ್ಲ. ಅವನು ಬಾಯಿ ತೆರೆದರೆ ಮುಗಿಯಿತು.

ಅವ್ವ ಎದ್ದು ಕೂತಳು. ಮುಖ ಒರೆಸಿಕೊಂಡು, ಮನೆಗೆ ಬಂದ ನೆಂಟನನ್ನು ಕರೆಯುವಂತೆ ಅವನನ್ನು ಕರೆದಳು.

"ಬಾ ಮಗಾ. ನೀ ಬರೂಕೆ ತಡ ಆತು. ನಿನ್ನ ದೋಸ್ತ ಈಗಷ್ಟೇ ಬಂದು ಉಂಡ್ಕಂಡು ಹೋದ."

ಅವನು ಎಲೆಯನ್ನು ನೋಡಿದ, ನನ್ನನ್ನು ನೋಡಿದ. ಹೆಗಲ ಮೇಲಿನದನ್ನು ಇಳಿಸುವುದೂ ಮರೆತು, "ಹೌದಾ ಅಮ್ಮಾ," ಎಂದ. "ಹೊಟ್ಟೆ ತುಂಬ ಉಂಡ್ನಾ?"