ಕರಿ ಟಗರಿನ ಲೆಕ್ಕದಲ್ಲಿ ಬಿಳಿ ಹಿಮ

ಜತ್ತದ ನನ್ನ ಸ್ಟುಡಿಯೊಗೆ ಪಾಸ್‌ಪೋರ್ಟ್ ಫೋಟೊ ತೆಗೆಸಲು ಬಂದವರು ಗೋಡೆಯ ಮೇಲಿನ ದೊಡ್ಡ ಚಿತ್ರ ನೋಡಿ ಕೇಳುವುದು ಒಂದೇ ಮಾತು, "ಇದು ಯಾವ ಸಿನೆಮಾದ್ದರಿ?" ಸಿನೆಮಾದ್ದಲ್ಲ, ನಾನೇ ತೆಗೆದದ್ದು ಎಂದರೆ ಚಿತ್ರವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡುತ್ತಾರೆ. ಹೆಣ್ಣುಮಗಳಾದ ನನಗೆ ಆ ಅನುಮಾನ ಹೊಸದಲ್ಲ. ಕೊರಳಲ್ಲಿ ಎರಡು ಕ್ಯಾಮೆರಾ ತೂಗುಹಾಕಿಕೊಂಡು ನಿಂತಾಗಲೂ "ಫೋಟೊಗ್ರಾಫರ್ ಎಲ್ಲಿ ಅದಾರ್ರಿ?" ಎಂದು ನನ್ನನ್ನೇ ಕೇಳಿದ ಬೀಗರು ಎಷ್ಟೋ ಮಂದಿ.

ಆ ಚಿತ್ರ ತೆಗೆದದ್ದು ಹಿಮಾಚಲದಲ್ಲಿ. ಅಲ್ಲಿಗೆ ನನ್ನನ್ನು ಕರೆಸಿಕೊಂಡವರು ವಿಜಯಪುರದ ಕಡೆಯ ಹಿರಿಯ ಛಾಯಾಗ್ರಾಹಕರೊಬ್ಬರು. ಹಿಂದೆ ನಾವಿಬ್ಬರೂ ಸೇರಿ ಮದುವೆಯ ಕೆಲಸ ಮಾಡಿದ್ದೆವು. ಈಗ ಅವರು ಪುಣೆಯಲ್ಲಿದ್ದುಕೊಂಡು ಕ್ರೀಡೆಗಳ ಫೋಟೊ ತೆಗೆಯುತ್ತಾರೆ. ಅಲ್ಲಿನ ಸ್ನೋಬೋರ್ಡ್ ಸ್ಪರ್ಧೆಗೆ ಹೊರಡಬೇಕೆನ್ನುವಾಗ ಅವರ ಜೊತೆಗಾರ ಬಿದ್ದು ಕೈ ಮುರಿದುಕೊಂಡಿದ್ದ, ಅವನ ಬದಲಿಗೆ ನಾನು. "ಹಿಮದಾಗ ದಿಬ್ಬ ಕಟ್ಟಿರ್ತಾರ, ತಂಗಿ. ಕಾಲಿಗಿ ಹಲಿಗಿ ಕಟ್ಕೊಂಡು ಜಾರಿ ಬಂದು ಹಾರ್ತಾರ, ಗಾಳ್ಯಾಗ ಪಲ್ಟಿ ಹೊಡೀತಾರ. ಹಾರಿದ್ದು ಹಿಡೀಬೇಕು, ಅಷ್ಟಽ ನೋಡು" ಎಂದರು. ಅಷ್ಟೇ ಅಂತೆ!

ಹಾರುವುದನ್ನು ಹಿಡಿಯುವ ಅಭ್ಯಾಸಕ್ಕೆ ನಮ್ಮೂರು ದರಿಬಡಚಿಯಲ್ಲಿ ನನಗೆ ಸಿಕ್ಕಿದ್ದು ಅಪ್ಪನ ಟಗರುಗಳು. ಹೊರಡುವ ಹಿಂದಿನ ದಿನ ಅಪ್ಪ ಕುರಿದೊಡ್ಡಿಯ ಬಾಯಿಗೆ ಕೋಲು ಅಡ್ಡ ಹಿಡಿದ. ಮೊದಲ ಟಗರು ಕೋಲು ದಾಟಿ ಹಾರಿತು. ಕೋಲು ತೆಗೆದ ಮೇಲೂ ಹಿಂದಿನವೆಲ್ಲ ಅದೇ ಜಾಗದಲ್ಲಿ ಹಾರಿದವು. ಕ್ಯಾಮೆರಾ ಹಿಡಿದು ಟಗರಿನ ಬೆನ್ನು ಹತ್ತಿದರೆ ಚಿತ್ರದಲ್ಲಿ ಬರೀ ಬಾಲ ಉಳಿಯುತ್ತಿತ್ತು. ಅದು ನೆಲ ಬಿಡುವ ಜಾಗಕ್ಕೆ ಮೊದಲೇ ಫೋಕಸ್ ಮಾಡಿಟ್ಟು, ಹೆಗಲು ತಗ್ಗಿದ ಗಳಿಗೆಗೆ ಬಟನ್ ಒತ್ತಬೇಕು ಎಂಬುದು ಮಧ್ಯಾಹ್ನದ ಹೊತ್ತಿಗೆ ತಿಳಿಯಿತು. ಸಂಜೆಯೊಳಗೆ ಕೈ ಕುದುರಿತು.

ಸ್ಪರ್ಧೆಯ ಮೊದಲ ದಿನವೇ ನನ್ನ ಮಾನ ಹೋಯಿತು. ತೆಗೆದ ಫೋಟೊಗಳನ್ನು ಆಗಿಂದಾಗಲೇ ಕಳಿಸಬೇಕಿತ್ತು. ಬಿಸಿಲಿಗೆ ಕ್ಯಾಮೆರಾದ ಪರದೆ ಸರಿಯಾಗಿ ಕಾಣುತ್ತಿರಲಿಲ್ಲ. ನಾನು ಬೆಳಗಿನಿಂದ ಕಳಿಸುತ್ತಲೇ ಹೋದೆ. ಮಧ್ಯಾಹ್ನ ಹಿರಿಯರು ತಮ್ಮ ಫೋನನ್ನು ನನ್ನ ಮುಖಕ್ಕೆ ಹಿಡಿದರು. ಹಾರುವವರೆಲ್ಲ ಸರಿಯಾಗಿ ಸಿಕ್ಕಿದ್ದರು, ಆದರೆ ಮಸಿ ಬಳಿದುಕೊಂಡಂತಿದ್ದರು.

"ಇದು ಹಿಮಾನೋ, ಒಲಿಯೊಳಗಿನ ಬೂದಿನೋ? ನಾಳಿ ಫೈನಲ್‌ದಾಗ ನೀ ಕೆಳಗ ನಿಂತು ಬಹುಮಾನ ಕೊಡೂದು ತಗಿ. ದಿಬ್ಬದ ಕಡಿ ಬರಬ್ಯಾಡ" ಎಂದರು.

ದಿಬ್ಬದ ತುದಿಯ ಆ ಜಾಗಕ್ಕಾಗಿಯೇ ನಾನು ರೈಲು, ಬಸ್ಸು ಬದಲಿಸುತ್ತ ಅಷ್ಟು ದೂರ ಹೋಗಿದ್ದೆ. ಹಾರ, ಶಾಲು, ಕೈಕುಲುಕಾಟದ ಫೋಟೊ ಜತ್ತದಲ್ಲೇ ಬೇಕಾದಷ್ಟು ಸಿಗುತ್ತವೆ. ಸಿಟ್ಟಿನಲ್ಲಿ ಕ್ಯಾಮೆರಾವನ್ನು ಚೀಲಕ್ಕೆ ತುರುಕಿದೆ.

ಸಂಜೆ ಅಪ್ಪನ ಫೋನು ಬಂತು. "ನನ್ನ ಟಗರಿಂದು ಫೋಟೊ ಕಳ್ಸಲೇ ಇಲ್ಲಲ್ಲವಾ?"

"ಇಲ್ಲಿ ನನ್ನ ಜೀವ ಹೊಂಟದ, ನಿನಗ ಟಗರಿಂದು ಚಿಂತಿ" ಎಂದು ರೇಗಿದೆ. ಆದರೂ ಕಳಿಸೋಣವೆಂದು ಕ್ಯಾಮೆರಾ ತೆಗೆದು ಹುಡುಕಿದೆ. ಟಗರುಗಳ ಉಣ್ಣೆ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಎಷ್ಟು ಚಂದ ಬಂದಿದೆಯಲ್ಲ ಎಂದು ಬೆಳಕನ್ನು ಏರಿಸಿ ಇಳಿಸುವ ಅಳತೆ ನೋಡಿದೆ. ಅಂದು ತೆಗೆದ ಹಿಮದ ಫೋಟೊಗಳಿಗೂ ಅದೇ ಅಳತೆ!

ಕ್ಯಾಮೆರಾಕ್ಕೊಂದು ಕೆಟ್ಟ ಚಾಳಿ: ಎದುರಿಗೆ ಕಪ್ಪು ತುಂಬಿರಲಿ, ಬಿಳುಪು ತುಂಬಿರಲಿ, ಅದು ಬೂದು ಮಾಡಲು ನೋಡುತ್ತದೆ. ನಮ್ಮ ಕರಿ ಕುರಿಗಳು ಮಾಸಲಾಗಿ ಕಾಣಬಾರದೆಂದು ನಾನು ಬೆಳಕು ಇಳಿಸಿಟ್ಟಿದ್ದೆ. ಹಿಮಕ್ಕೆ ಬೆಳಕು ಏರಿಸಬೇಕು. ನಾನೋ, ದರಿಬಡಚಿಯ ಟಗರಿನ ಲೆಕ್ಕವನ್ನು ಹಾಗೇ ಹೊತ್ತುಕೊಂಡು ಹಿಮಾಲಯಕ್ಕೆ ಹೋಗಿದ್ದೆ. ನನ್ನ ತಲೆಗೆ ನಾನೇ ಬಡಿದುಕೊಂಡು ನಕ್ಕೆ.

ಮರುದಿನ ಬೆಳಿಗ್ಗೆ ಹಿರಿಯರ ಮುಂದೆ ಹೋಗಿ ನಿಂತೆ. "ಅಣ್ಣಾ, ತಪ್ಪು ಎಲ್ಲಿತ್ತು ಗೊತ್ತಾತ್ರಿ. ಹೆಣ್ಮಕ್ಕಳ ಫೈನಲ್ ಒಂದು ಕೊಡ್ರಿ. ಕೆಟ್ಟಿತಂದ್ರ ನಾನಽ ಇಳಿದು ಹೋಗ್ತೀನಿ."

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಒಂದಽ" ಎಂದರು.

ಉಳಿದ ಛಾಯಾಗ್ರಾಹಕರು ಇಳಿಜಾರಿನಲ್ಲಿ ನಿಂತು ಉದ್ದ ಲೆನ್ಸಿನಿಂದ ಹಾರುವವರನ್ನು ಹಿಂಬಾಲಿಸುತ್ತಿದ್ದರು. ನಾನು ದಿಬ್ಬದ ತುದಿಯ ಪಕ್ಕ ಹಿಮದಲ್ಲಿ ಬೋರಲು ಮಲಗಿದೆ. ಒಬ್ಬೊಬ್ಬರಿಗೆ ಮೂರು ಸಲ ಹಾರಲು ಅವಕಾಶ. ಹಳದಿ ಜಾಕೆಟ್ಟಿನ ಅಲ್ಲಿಯದೇ ಬೆಟ್ಟದೂರಿನ ಹುಡುಗಿ ಎರಡು ಸಲವೂ ಬಿದ್ದಿದ್ದಳು. ಎರಡು ಸಲವೂ ಎದ್ದು, ಹಲ್ಲು ಕಚ್ಚಿ, ಮತ್ತೆ ಮೇಲೆ ಹೋಗಿದ್ದಳು. ಅವಳ ಹಟ ನನಗೆ ಭಾಳ ಹಿಡಿಸಿತು.

ಮೂರನೆಯ ಸಲ ನಾನು ಅವಳನ್ನು ನೋಡಲೇ ಇಲ್ಲ, ದಿಬ್ಬದ ತುದಿಯನ್ನಷ್ಟೇ ನೋಡಿದೆ. ಹಲಗೆ ಹಿಮವನ್ನು ಕೆರೆಯುವ ಸದ್ದು ಹತ್ತಿರ ಬಂತು. ಹಳದಿ ಹೆಗಲು ತಗ್ಗಿತು. ಬಟನ್ ಒತ್ತಿ ಹಿಡಿದೆ, ಸಾಲುಸಾಲಾಗಿ ಫೋಟೊ ಬಿದ್ದವು.

ಕೆಳಗೆ ಜನ ಹೋ ಎಂದು ಕೂಗಿದಾಗಲೇ ಅವಳು ಬೀಳದೆ ಇಳಿದಳೆಂದು ಗೊತ್ತಾದದ್ದು. ಬಿಸಿಲು ತಾಗದಂತೆ ಜಾಕೆಟ್ಟಿನೊಳಗೆ ಮುಖ ಹುದುಗಿಸಿ ಪರದೆಯಲ್ಲಿ ಒಂದೊಂದೇ ಸರಿಸಿದೆ, ಒಂದರ ಮೇಲೆ ಕಣ್ಣು ನಿಂತಿತು. ಹುಡುಗಿ ತಲೆಕೆಳಗಾಗಿದ್ದಾಳೆ, ಒಂದು ಕೈ ಹಲಗೆಯ ಅಂಚನ್ನು ಹಿಡಿದಿದೆ, ಜಡೆಯ ಎಳೆಎಳೆಯೂ ಬಿಡಿಸಿಟ್ಟಂತಿದೆ. ಹಿಂದೆ ಹಿಮ ಬಿಳಿ ಎಂದರೆ ಬಿಳಿ! ಕೂಡಲೇ ಕಳಿಸಿದೆ.

ಹೆಣ್ಣುಮಕ್ಕಳ ಫೈನಲ್ ಮುಗಿಯಿತು. ಒಂದೇ ಎಂದಿದ್ದರಲ್ಲ, ಚೀಲ ಕಟ್ಟತೊಡಗಿದೆ. ಅಷ್ಟರಲ್ಲಿ ಕೆಳಗಿನಿಂದ ಹಿರಿಯರ ಫೋನು ಬಂತು.

"ತಂಗಿ, ಎಲ್ಲಾರ ಫೋಟೊ ನೋಡಿದೆ. ಇಂಥಾದ್ದು ಯಾರ ಕಡೀನೂ ಇಲ್ಲ. ನನ್ನ ಕಡೀನೂ ಇಲ್ಲ."

"ಇಳದು ಬರ್ಲೇನ್ರಿ?"

"ಇಳೀಬ್ಯಾಡ. ಗಂಡಸರ ಫೈನಲ್ಲೂ ನಿಂದಽ. ಬಹುಮಾನದ್ದು ನಾ ತಗೀತೀನಿ."

ನನಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಮತ್ತೆ ಹಿಮದಲ್ಲಿ ಬೋರಲು ಬಿದ್ದೆ. ಮೇಲೆ ಮೊದಲನೆಯವನು ಹಲಗೆ ಕಟ್ಟಿಕೊಂಡು ನಿಂತಿದ್ದ. ಸುತ್ತ ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ. ಇಲ್ಲದಿದ್ದರೇನು, ಗಂಟಲು ಹರಿಯುವಂತೆ ಕೂಗಿದೆ:

"ಬಾರಪ್ಪಾ, ಹಾರು! ನಾ ಇಲ್ಲೇ ಅದೀನಿ!"