ಜಮಖಾನದ ಆಚೆ ಹಾಕಿದ ಕುರ್ಚಿ

ನಾನು ಮದುವೆಯಾಗಿ ಬಂದ ಊರು ಪಾವಗಡ ತಾಲ್ಲೂಕಿನ ತಿರುಮಣಿ ಕಡೆಯದು. ತವರು ಅಲ್ಲಿಂದ ಕೂಗಳತೆ ದೂರ, ನಡುವೆ ಒಂದು ಗಡಿಕಲ್ಲು. ಕಲ್ಲಿನ ಈಚೆ ಮೈಸೂರು ಮಹಾರಾಜರ ಸೀಮೆ, ಆಚೆ ಮದರಾಸಿನದು. ನಾನು ಚಿಕ್ಕವಳಿದ್ದಾಗ ಎಮ್ಮೆಗಳು ಅದಕ್ಕೆ ಮೈ ಉಜ್ಜಿಕೊಂಡು ಹೋಗುತ್ತಿದ್ದವು. ಆ ಕಲ್ಲಿಗೆ ಬೇರೆ ಕೆಲಸವೇ ಇರಲಿಲ್ಲ.

ಯುದ್ಧ ಬಂದ ಮೇಲೆ ಅದಕ್ಕೂ ದರ್ಬಾರು ಬಂತು. ಒಂದು ಸೀಮೆಯ ಧಾನ್ಯ ಇನ್ನೊಂದಕ್ಕೆ ಹೋಗಕೂಡದೆಂದು ಕಟ್ಟಳೆಯಾಯಿತು. ದಾರಿಗೆ ಚೌಕಿ ಹಾಕಿದರು, ಚೌಕಿಗೆ ಒಬ್ಬ ಜವಾನನನ್ನು ಹಾಕಿದರು. ಅಮ್ಮನ ಹೊಲ ಬರೀ ಮರಳು, ಕಡಲೇಕಾಯಿ ಬಿಟ್ಟರೆ ಬೇರೇನೂ ಹಿಡಿಯುತ್ತಿರಲಿಲ್ಲ. ಮೊದಲಿಂದಲೂ ನಮ್ಮ ರಾಗಿ ಅತ್ತ, ಅವಳ ಕಡಲೇಕಾಯಿ ಇತ್ತ. ಯುದ್ಧ ಮುಗಿಯಿತೆಂದು ಪಾವಗಡದಲ್ಲಿ ಸಕ್ಕರೆ ಹಂಚಿದರು, ಚೌಕಿ ಮಾತ್ರ ಏಳಲಿಲ್ಲ. ನಮ್ಮ ಹಗೇವಿನಲ್ಲಿ ರಾಗಿ ತುಂಬಿತ್ತು. ಕಲ್ಲಿನಾಚೆ ಅಮ್ಮ, ಚಿಕ್ಕಮ್ಮ ಇಬ್ಬರೂ ರೇಷನ್ನಿನ ಹುಳುಕು ಜೋಳ ಬೀಸಿಕೊಂಡು ತಿನ್ನುತ್ತಿದ್ದರು. ಒಮ್ಮೆ ಮಡಿಲಿಗೆ ಕಟ್ಟಿಕೊಂಡು ಹೋದ ರಾಗಿಯನ್ನು ಜವಾನ ಎಲ್ಲರೆದುರು ಬಿಚ್ಚಿಸಿ ಸುರಿಸಿಕೊಂಡ. ಆ ಉರಿ ನನ್ನ ಹೊಟ್ಟೆಯಲ್ಲಿ ಬಹಳ ಕಾಲ ಇತ್ತು.

ಅದೇ ವರ್ಷ ಮಧುಗಿರಿಯಲ್ಲಿ, ಮಹಾರಾಜರ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ನಮ್ಮ ಪಕ್ಷದ ಸಮ್ಮೇಳನ ಗೊತ್ತಾಯಿತು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ನಾಲ್ಕು ತಾಲ್ಲೂಕಿನ ಪ್ರತಿನಿಧಿಗಳೂ ಸೇರಬೇಕು. ಹಳ್ಳಿಯವರು ಸಭೆ ಕೂಡಿ ತಮ್ಮವರನ್ನು ಆರಿಸಿ ಕಳಿಸಬೇಕು. ಆದರೆ ನಮ್ಮ ತಾಲ್ಲೂಕಿನಲ್ಲಿ ಸಭೆ ಕೂಡಬಾರದೆಂದು ಅಮಲ್ದಾರರ ಹುಕುಂ ಇತ್ತು. ಊರಿನ ಗಂಡಸರು ತಲೆ ಕೆರೆದುಕೊಂಡು ಒಂದು ಉಪಾಯ ಮಾಡಿದರು. ಹುಕುಂ ಇರುವುದು ಮೈಸೂರು ನೆಲಕ್ಕೆ ತಾನೆ? ಎಲ್ಲರೂ ಕಲ್ಲು ದಾಟಿ ಅತ್ತ ಕಡೆಯ ಹುಣಿಸೆಮರದಡಿ ಸಭೆ ಸೇರಿದೆವು. ನಮ್ಮ ಬುದ್ಧಿಗೆ ನಾವೇ ಮೆಚ್ಚಿ ನಕ್ಕೆವು.

ಯಾರು ಹೋಗುತ್ತೀರಿ ಎಂದು ಕೇಳಿದಾಗ ನಗು ನಿಂತಿತು. ಹೆಸರು ಹೊರಬಿದ್ದರೆ ಅಮಲ್ದಾರರು ಬಿಡುತ್ತಾರೆಯೇ? ಕೊನೆಗೆ ನನ್ನ ಗಂಡನ ಅಣ್ಣ ಎದ್ದರು. ಅವರು ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಇವರು ಅಲ್ಲಿ ಹೋಗಿ ರಾಗಿಯ ಮಾತೆತ್ತಿದ ಹಾಗೆಯೇ ಎಂದುಕೊಂಡು, "ನಾನೂ ಹೋಗ್ತೀನಿ" ಎಂದೆ. ಎಲ್ಲರೂ ಕೈ ಎತ್ತಿದರು. ತಮ್ಮ ತಲೆಯ ಮೇಲಿನದು ಇಳಿಯಿತೆಂಬ ಖುಷಿಗೇ ಕೆಲವರು ಎರಡೂ ಕೈ ಎತ್ತಿದರು.

ಇದ್ದಿಲಿನ ಬಸ್ಸಿನಲ್ಲಿ ಮೈಯೆಲ್ಲ ಮಸಿ ಮಾಡಿಕೊಂಡು ಮಧುಗಿರಿ ತಲುಪಿದೆವು. ಬೆಟ್ಟದ ಬುಡದಲ್ಲಿ ದೊಡ್ಡ ಚಪ್ಪರ. ಒಳಗೆ ಹಗ್ಗ ಕಟ್ಟಿ, ಹಗ್ಗದೊಳಗೆ ಜಮಖಾನ ಹಾಸಿದ್ದರು. ಪ್ರತಿನಿಧಿಗಳು ಅಲ್ಲಿ ಕೂರಬೇಕು, ಜಮಖಾನದ ಮೇಲೆ ಎದ್ದ ಕೈಯನ್ನು ಮಾತ್ರ ಎಣಿಸುತ್ತಾರೆ. ನಾವು ಹೋಗುವ ಹೊತ್ತಿಗೆ ಪಾವಗಡದ ಪಾಲಿನ ಜಾಗದಲ್ಲಿ ಆಗಲೇ ಪೇಟೆಯ ಧಾನ್ಯದ ಮಂಡಿಯವರು ಕೂತು ಎಲೆಯಡಿಕೆ ಹಾಕುತ್ತಿದ್ದರು. ತಾಲ್ಲೂಕಿಗೆ ತಾವೇ ಪ್ರತಿನಿಧಿಗಳು ಎಂದರು. ರಾಗಿ ಗಡಿ ದಾಟದಿದ್ದರೆ ಅವರಿಗೆ ನಷ್ಟವೇನಿರಲಿಲ್ಲ. ಊರಲ್ಲೇ ಉಳಿದ ರಾಗಿಯನ್ನು ಅಗ್ಗಕ್ಕೆ ಕೊಳ್ಳುವ ಲಾಭವೇ ಇತ್ತು.

ವ್ಯಾಜ್ಯ ತೀರಿಸಲು ಪಕ್ಕದ ಛತ್ರದಲ್ಲಿ ಮೂವರ ಸಮಿತಿ ಕೂತಿತ್ತು. ಮಧುಗಿರಿಯ ವಕೀಲರೊಬ್ಬರು, ಸಿರಾದ ಬಟ್ಟೆ ವ್ಯಾಪಾರಿ ಸಾಹೇಬರೊಬ್ಬರು, ಕೊರಟಗೆರೆಯ ಜಮೀನ್ದಾರರೊಬ್ಬರು. ಜಮೀನ್ದಾರರ ಮೂಗು ಅಡುಗೆ ಮನೆಯ ಕಡೆಗಿತ್ತು.

"ನೋಡಿ ತಾಯಿ," ಎಂದರು ವಕೀಲರು, ಬಹಳ ಮರ್ಯಾದೆಯಿಂದ. "ಇದು ಮೈಸೂರು ಸೀಮೆಯ ಸಮ್ಮೇಳನ. ನಿಮ್ಮನ್ನು ಆರಿಸಿದ್ದು ಮದರಾಸು ನೆಲದಲ್ಲಿ. ಹೇಗೆ ಒಳಗೆ ಕೂರಿಸುವುದು?"

"ಇತ್ಲಾಗೆ ಸೇರುದ್ರೆ ಅಮಲ್ದಾರ್ರು ಹಿಡಿಸ್ತಿದ್ರು ಸ್ವಾಮಿ. ಅವ್ರ ಹುಕುಂ ಮುರೀರಿ ಅಂತ ನೀವೇ ತಾನೆ ಭಾಷಣ ಮಾಡಿದ್ದು?"

"ಮುರಿಯಿರಿ ಅಂದದ್ದು ನಿಜ. ನೀವು ಮುರಿಯಲಿಲ್ಲವಲ್ಲ, ದಾಟಿಕೊಂಡು ಹೋದಿರಿ. ಮುರಿದಿದ್ದರೆ ಕೈಹಿಡಿದು ಒಳಗೆ ಕೂರಿಸುತ್ತಿದ್ದೆ."

"ಅಂಗಾದ್ರೆ ಮಂಡಿಯೋರು ಮುರುದ್ರಾ?"

"ಅವರು ತಮ್ಮ ಮಂಡಿಯ ಒಳಗೆ ಕೂತು ಮಾತಾಡಿಕೊಂಡರು. ಅದು ಸಭೆಯಲ್ಲ, ಹುಕುಂ ಅದಕ್ಕೆ ತಾಗುವುದಿಲ್ಲ. ನೆಲವೂ ಮೈಸೂರಿನದೇ."

ಬಾಗಿಲು ಹಾಕಿಕೊಂಡು ತಮ್ಮನ್ನು ತಾವೇ ಆರಿಸಿಕೊಂಡವರದು ಸರಿ, ಊರೆಲ್ಲ ಕೈ ಎತ್ತಿ ಕಳಿಸಿದ ನಮ್ಮದು ತಪ್ಪು! ನನಗೆ ರೇಗಿಹೋಯಿತು. "ಚೌಕಿ ಜವಾನನೂ ಇದ್ನೇ ಅಂದ ಸ್ವಾಮಿ. ಕಲ್ಲು ದಾಟಿದ್ರೆ ನನ್ನ ರಾಗಿ ನನ್ದಲ್ಲ ಅಂದ. ನೀವು ನನ್ನ ಕೈನೇ ನನ್ದಲ್ಲ ಅಂತೀರಿ" ಎಂದೆ. ಸಿರಾದ ಸಾಹೇಬರು ಮೊಣಕಾಲಿಗೆ ಬಡಿದುಕೊಂಡು, "ಇದು ಇನ್ಸಾಫ್ ಅಲ್ಲ ವಕೀಲ್ ಸಾಬ್" ಎಂದರು. ವಕೀಲರು ಜಮೀನ್ದಾರರ ಕಡೆ ತಿರುಗಿದರು. ಊಟ ಆರುತ್ತದೆ, ವಕೀಲರು ಹೇಳಿದ ಹಾಗೇ ಆಗಲಿ ಎಂದುಬಿಟ್ಟರು ಅವರು.

ವಕೀಲರು ಕೆಟ್ಟವರೆಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ನನ್ನ ಮುಖ ನೋಡಿ ಅವರಿಗೆ ನಿಜವಾಗಿಯೇ ಕಸಿವಿಸಿಯಾಯಿತು. ಸ್ವಯಂಸೇವಕನನ್ನು ಕರೆದು, ಛತ್ರದಲ್ಲಿದ್ದ ಒಂದೇ ಒಂದು ಒಳ್ಳೆಯ ಕುರ್ಚಿಯನ್ನು ಎತ್ತಿಸಿ, ಜಮಖಾನದ ಪಕ್ಕದಲ್ಲೇ, ಹಗ್ಗದ ಈಚೆ ಹಾಕಿಸಿದರು. "ಇಷ್ಟು ದೂರದಿಂದ ಬಂದ ಹೆಣ್ಣುಮಗಳು, ನಿಂತಿರಬಾರದು" ಎಂದರು. ನನಗೆ ಕುರ್ಚಿ ಬೇಡವಾಗಿತ್ತು. ಎಲ್ಲರ ಜೊತೆ ನೆಲದ ಮೇಲೆ ಒಂದು ಗೇಣು ಜಾಗ ಬೇಕಾಗಿತ್ತು.

"ಕೂತ್ಕಳಮ್ಮ, ಜನ ನೋಡ್ತಾವ್ರೆ" ಎಂದರು ಬಾವ, ನನ್ನ ಹಿಂದೆ ನಿಂತುಕೊಂಡು. ಕೂತೆ. ನಾಲ್ಕು ತಾಲ್ಲೂಕಿನ ಗಂಡಸರು ಕೆಳಗೆ ಕೂತಿದ್ದರು, ನಾನೊಬ್ಬಳು ಎತ್ತರದಲ್ಲಿ. ಆ ಎತ್ತರದಲ್ಲಿ ಮೈಯೆಲ್ಲ ಮುಳ್ಳಾಯಿತು.

ಮಧ್ಯಾಹ್ನದ ಮೇಲೆ ಸಿರಾದ ಸಾಹೇಬರೇ ಎದ್ದು ನನ್ನ ಮಾತನ್ನು ತಮ್ಮ ಠರಾವು ಎಂದು ಮಂಡಿಸಿದರು. ಗಡಿಯ ಊರುಗಳವರಿಗೆ ಮನೆಯ ಖರ್ಚಿಗೆ ಧಾನ್ಯ ಒಯ್ಯಲು ಬಿಡಬೇಕೆಂದು ಸರ್ಕಾರವನ್ನು ಕೇಳೋಣ ಎಂದರು. ಸಿರಾದವರು ಕೈ ಎತ್ತಿದರು. ಮಧುಗಿರಿಯವರೂ ಕೊರಟಗೆರೆಯವರೂ ಅರ್ಧ ಎತ್ತಿದ ಕೈಯನ್ನು ಹಾಗೇ ಹಿಡಿದು ಪಾವಗಡದವರ ಕಡೆ ನೋಡಿದರು. ಕಷ್ಟ ಅವರದು, ಅವರು ಏನನ್ನುತ್ತಾರೋ ನೋಡೋಣ ಎಂಬುದು ನ್ಯಾಯವೇ. ಮಂಡಿಯವರು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅರ್ಧ ಎದ್ದ ಕೈಗಳು ಒಂದೊಂದಾಗಿ ಇಳಿದವು.

ನಾನು ಕುರ್ಚಿಯಿಂದ ಎದ್ದು ನಿಂತು ಕೈ ಎತ್ತಿದೆ. ಎಣಿಸುತ್ತಿದ್ದ ಸ್ವಯಂಸೇವಕ ನನ್ನ ಹತ್ತಿರ ಬಂದು, ನಮಸ್ಕಾರ ಮಾಡಿ, ಮುಂದೆ ಹೋದ. ಠರಾವನ್ನು ಮುಂದಿನ ಸಮ್ಮೇಳನಕ್ಕೆ ಹಾಕಿದರು. ಬಸ್ಸಿನಲ್ಲಿ ಬಾವ ಒಂದೇ ಒಂದು ಮಾತಾಡಿದರು. "ಇತ್ಲಾಗೇ ಸೇರಿ ಜೈಲಿಗೆ ಹೋಗ್ಬೇಕಾಗಿತ್ತು ಕಣಮ್ಮ."

ಮಾರನೆಯ ದಿನ ತವರಿಗೆ ಹೋದೆ. ಚೌಕಿಯ ಜವಾನ ನನ್ನ ಬರಿಗೈ ನೋಡಿ ತಲೆಯನ್ನೂ ಎತ್ತಲಿಲ್ಲ. ಅಮ್ಮ ಬೀಸುವ ಕಲ್ಲಿನ ಮುಂದೆ ಕೂತಿದ್ದಳು, ಪಕ್ಕದಲ್ಲಿ ಅದೇ ಹುಳುಕು ಜೋಳ.

"ಏಮ್ಮಾ, ಏನಂದ್ರು?"

"ಒಳಗೆ ಕೂರಿಸ್ಲಿಲ್ಲ ಕಣಮ್ಮ. ಆಚೆ ಒಂದು ಕುರ್ಚಿ ಹಾಕುದ್ರು."

ಕಲ್ಲು ನಿಂತಿತು. "ಕುರ್ಚಿನಾ? ನಿಂಗಾ?"

"ಊಂ."

"ಗಂಡಸ್ರು?"

"ಕೆಳಗೆ. ಜಮಖಾನದ ಮ್ಯಾಲೆ."

ಅಮ್ಮ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಆಮೇಲೆ ಹಿತ್ತಿಲಲ್ಲಿದ್ದ ಚಿಕ್ಕಮ್ಮನಿಗೆ ತೆಲುಗು ಬೆರೆಸಿ ಕೂಗಿದಳು, "ಇನ್ನಾವಾ ಚೆಲ್ಲೀ, ಕೇಳಿದ್ಯಾ! ಮಗೀಗೆ ಕುರ್ಚಿ ಹಾಕಿದ್ರಂತೆ! ಗಂಡಸ್ರೆಲ್ಲಾ ಕೆಳಗೆ ಕೂತಿದ್ರಂತೆ!" ಅವಳ ಮುಖ ಅಷ್ಟು ಅರಳಿದ್ದನ್ನು ಅಪ್ಪ ಹೋದ ಮೇಲೆ ನಾನು ನೋಡಿರಲಿಲ್ಲ. ನಡೆದದ್ದನ್ನು ಬಿಡಿಸಿ ಹೇಳಬೇಕೆಂದು ಬಾಯಿ ತೆರೆದೆ.

"ಇನ್ನೇನು ಬುಡು" ಎಂದಳು. "ಅಷ್ಟು ಮರ್ವಾದೆ ಮಾಡ್ದೋರು ಒಂದೀಟು ರಾಗಿ ಬುಡಾಕಿಲ್ವಾ?"

ನಾನು ಅವಳೆದುರು ಕೂತು ಬೀಸುವ ಕಲ್ಲಿನ ಗೂಟ ಹಿಡಿದೆ. ಜೋಳ ಮುಗಿಯುವವರೆಗೂ ಅಮ್ಮ ಆ ಕುರ್ಚಿಗೆ ಕೈ ಇತ್ತೇ, ಬೆನ್ನು ಇತ್ತೇ ಎಂದು ಕೇಳುತ್ತಲೇ ಇದ್ದಳು.